ಬಿಲ್ಲು ಕಾಯುವ ಜಾಗ

ಲಾರಿ ಚಾಲಕನ ಅಂಗಿಯ ಜೇಬಿನಲ್ಲಿ ನಾಲ್ಕು ಮಡಿಕೆಯಾಗಿ, ಬೆವರಿಗೆ ಅಂಚು ಮೆತ್ತಗಾಗಿ ನಮ್ಮ ಮೇಜಿಗೆ ಬರುತ್ತಿದ್ದ ಒಂದು ಕಾಗದವನ್ನು ನಾನು ಇಂದಿಗೂ ಮರೆತಿಲ್ಲ. ಅದು ಇನ್‌ವಾಯ್ಸಿನ ಎರಡನೆಯ ಪ್ರತಿ, ಸಾಗಣೆದಾರನ ಪ್ರತಿ. 1994ರ ಏಪ್ರಿಲ್‌ನಲ್ಲಿ ಕೇಂದ್ರ ಅಬಕಾರಿಯ, ಅಂದರೆ ಕಾರ್ಖಾನೆಯ ಉತ್ಪನ್ನದ ಮೇಲಿನ ಸುಂಕದ, ಹಳೆಯ ಗೇಟ್‌ಪಾಸ್ ಪದ್ಧತಿ ಹೋಗಿ ಇನ್‌ವಾಯ್ಸ್ ಪದ್ಧತಿ ಬಂದ ಮೇಲೆ, ಪೂರೈಕೆದಾರರು ಸರಕಿನ ಮೇಲೆ ಕಟ್ಟಿದ ಸುಂಕವನ್ನು ಕಾರ್ಖಾನೆಯು ಮಾಡ್‌ವ್ಯಾಟ್ ಲೆಕ್ಕದಲ್ಲಿ ತನ್ನ ಸುಂಕಕ್ಕೆ ವಜಾ ಹಾಕಿಕೊಳ್ಳಬೇಕಾದರೆ ಆ ಪ್ರತಿಯೇ ಆಧಾರವಾಗಿತ್ತು. ಚಾಲಕ ಅದನ್ನು ದಾರಿಯ ಢಾಬಾದಲ್ಲಿ ಕಳೆದುಕೊಂಡರೆ ಬಿಲ್ಲಿನಲ್ಲಿದ್ದ ಸುಂಕದ ಮೊತ್ತವನ್ನು ನಾವು ತಡೆಹಿಡಿಯುತ್ತಿದ್ದೆವು. ಸರಕು ಸ್ಟೋರ್ಸ್‌ನಿಂದ ಹೊರಬಿದ್ದು ಬಳಕೆಯಾಗಿ ಮುಗಿದಿದ್ದರೂ ಆ ಹಣ ತಿಂಗಳುಗಟ್ಟಲೆ ನಮ್ಮ ರಿಜಿಸ್ಟರಿನ ಒಂದು ಸಾಲಿನಲ್ಲಿ ಅಂಟಿಕೊಂಡು ಕೂತಿರುತ್ತಿತ್ತು.

ನಾನು ಭದ್ರಾವತಿಯಲ್ಲಿ ಬೆಳೆದವನು. 1989ರಲ್ಲಿ ದೂರದ ಒಂದು ದೊಡ್ಡ ಉಕ್ಕಿನ ಕಾರ್ಖಾನೆಯ ಬಿಲ್ ಸೆಕ್ಷನ್ನಿಗೆ ಕಿರಿಯ ಗುಮಾಸ್ತನಾಗಿ ಸೇರಿ, ನಡುವೆ ಒಮ್ಮೆ ಕಾರ್ಖಾನೆ ಬದಲಿಸಿ ಕರ್ನಾಟಕಕ್ಕೆ ಮರಳಿ, 2024ರಲ್ಲಿ ನಿವೃತ್ತನಾದೆ. ಎರಡೂ ಕಾರ್ಖಾನೆಗಳ ಹೆಸರನ್ನು ಇಲ್ಲಿ ಹೇಳುವುದಿಲ್ಲ, ಏಕೆಂದರೆ ನಾನು ಬರೆಯುತ್ತಿರುವುದು ಒಂದು ಸಂಸ್ಥೆಯ ಗುಣದೋಷವನ್ನಲ್ಲ, ಮೂವತ್ತೈದು ವರ್ಷ ನಾನು ಮಾಡಿದ ಒಂದೇ ಕೆಲಸದ ಬದಲಾವಣೆಯನ್ನು. ಆ ಕೆಲಸದ ಹೆಸರು ಆಗ ‘ಬಿಲ್ ಪಾಸಿಂಗ್’ ಆಗಿತ್ತು, ಆಮೇಲೆ ‘ಅಕೌಂಟ್ಸ್ ಪೇಯಬಲ್’ ಆಯಿತು. ಸರಕು ಕೊಟ್ಟವರಿಗೆ, ದುಡಿದುಕೊಟ್ಟವರಿಗೆ ಕಾರ್ಖಾನೆ ಕೊಡಬೇಕಾದ ಬಾಕಿಯನ್ನು ಲೆಕ್ಕ ಹಾಕಿ, ಸರಿಯೆಂದು ಒಪ್ಪಿ, ತೀರಿಸುವ ಕೆಲಸ ಅದು.

ಭದ್ರಾವತಿಯ ಮಾತು ಬಂದದ್ದರಿಂದ ಒಂದು ಸಂಗತಿ ಹೇಳಬೇಕೆನಿಸುತ್ತದೆ. 1923ರಲ್ಲಿ ಅಲ್ಲಿ ಮೈಸೂರು ಕಬ್ಬಿಣದ ಕಾರ್ಖಾನೆ ಶುರುವಾದಾಗ ಅದರ ಕುಲುಮೆಗೆ ಬೇಕಾದ ಅದಿರು ಕೆಮ್ಮಣ್ಣುಗುಂಡಿಯ ಬೆಟ್ಟದಿಂದ, ಇದ್ದಿಲಿಗೆ ಬೇಕಾದ ಸೌದೆ ಸುತ್ತಲಿನ ಮಲೆನಾಡಿನ ಕಾಡುಗಳಿಂದ ಬರುತ್ತಿತ್ತು. ಅಂತಹ ಕಾರ್ಖಾನೆಯಿಂದ ಹಣ ಬರಬೇಕಾಗಿದ್ದವರ ಪಟ್ಟಿಯನ್ನು ಊಹಿಸಿಕೊಂಡರೆ ಅದರಲ್ಲಿ ಮರ ಕಡಿಯುವ ಗುತ್ತಿಗೆದಾರರು, ಗಾಡಿಯವರು, ಹತ್ತಿರದ ಊರುಗಳವರೇ ಕಾಣಿಸುತ್ತಾರೆ. ನಾನು ಕೆಲಸ ಮಾಡಿದ ಕಾಲದ ಸಮಗ್ರ ಉಕ್ಕಿನ ಕಾರ್ಖಾನೆಗಳು ಹೊರದೇಶದಿಂದ ಕೊಳ್ಳುತ್ತಿದ್ದ ಕೋಕಿಂಗ್ ಕಲ್ಲಿದ್ದಲಿನ, ಅಂದರೆ ಕುಲುಮೆಗೆ ಬೇಕಾದ ಕೋಕ್ ಮಾಡುವ ಕಲ್ಲಿದ್ದಲಿನ, ಬಹುಪಾಲನ್ನು ಆಸ್ಟ್ರೇಲಿಯಾದಿಂದ ತರಿಸುತ್ತಿದ್ದವು. ನಮ್ಮಿಂದ ಬಾಕಿ ಬರಬೇಕಾದವರು ಒಂದೇ ಲೆಡ್ಜರಿನಲ್ಲಿ ಕ್ವೀನ್ಸ್‌ಲ್ಯಾಂಡಿನಿಂದ ಪಕ್ಕದ ಹಳ್ಳಿಯ ಕ್ಯಾಂಟೀನ್ ಗುತ್ತಿಗೆದಾರನವರೆಗೆ ಹರಡಿಕೊಂಡಿದ್ದರು.

ಕೆಲಸದ ತಿರುಳು ಮಾತ್ರ ಎಂದೂ ಬದಲಾಗಲಿಲ್ಲ. ಏನು ಕೊಡಿ ಎಂದು ನಾವು ಕೇಳಿದ್ದೆವು ಎನ್ನುವುದಕ್ಕೆ ಪರ್ಚೇಸ್ ಆರ್ಡರ್, ಏನು ಬಂದಿತು ಎನ್ನುವುದಕ್ಕೆ ಸ್ಟೋರ್ಸ್‌ನವರ ಸ್ವೀಕೃತಿ ಚೀಟಿ ಅಂದರೆ ಜಿಆರ್‌ಎನ್, ಎಷ್ಟು ಕೊಡಿ ಎಂದು ಅವರು ಕೇಳುತ್ತಿದ್ದಾರೆ ಎನ್ನುವುದಕ್ಕೆ ಬಿಲ್. ಈ ಮೂರು ತಾಳೆಯಾದರೆ ಹಣ, ಆಗದಿದ್ದರೆ ಆಕ್ಷೇಪಣೆ. 1989ರಲ್ಲಿ ಈ ತಾಳೆಯನ್ನು ನಾವು ಕಣ್ಣಿನಿಂದ ಮಾಡುತ್ತಿದ್ದೆವು. ದರವನ್ನು ಕೆಂಪು ಪೆನ್ಸಿಲಿನಿಂದ ಟಿಕ್ ಮಾಡಿ, ಪ್ರಮಾಣವನ್ನು ಹಸಿರಿನಿಂದ ಟಿಕ್ ಮಾಡಿ, ಗುಣಾಕಾರವನ್ನು ಇನ್ನೊಮ್ಮೆ ಮಾಡಿ ನೋಡಿ, ವೋಚರಿಗೆ ಪಿನ್ನು ಚುಚ್ಚಿ ಮೇಲಿನ ಮೇಜಿಗೆ ಕಳಿಸುತ್ತಿದ್ದೆವು. ತಡವಾಗಿ ಬಂದ ಸರಕಿಗೆ ಎಲ್.ಡಿ., ಅಂದರೆ ವಿಳಂಬದ ಪರಿಹಾರವೆಂದು ಕಡಿತ, ಸಾಮಾನ್ಯವಾಗಿ ವಾರಕ್ಕೆ ಅರ್ಧ ಪರ್ಸೆಂಟಿನಂತೆ. ಕೂಲಿಯಾಳು ಒದಗಿಸುವ ಗುತ್ತಿಗೆದಾರರ ಬಿಲ್ಲಾದರೆ ಅಳತೆ ಪುಸ್ತಕದ ಪುಟದ ಜೊತೆಗೆ ವೇತನ ಪಟ್ಟಿ, ಪಿ.ಎಫ್. ಮತ್ತು ಇ.ಎಸ್.ಐ. ಚಲನ್ ಇರಲೇಬೇಕು. 1970ರ ಗುತ್ತಿಗೆ ಕಾರ್ಮಿಕರ ಕಾಯ್ದೆಯ ಪ್ರಕಾರ ಗುತ್ತಿಗೆದಾರ ಕೂಲಿ ಕೊಡದೆ ಹೋದರೆ ಮೂಲ ಮಾಲೀಕನಾದ ಕಾರ್ಖಾನೆಯೇ ಕೊಡಬೇಕಾಗುತ್ತಿತ್ತು. ಆ ಚಲನ್‌ಗಳನ್ನು ನೋಡುವಾಗ ನನಗೆ ಯಾವತ್ತೂ ಬೇಸರವಾಗಲಿಲ್ಲ. ನಮ್ಮ ಸೆಕ್ಷನ್ನಿನ ಕಾಗದಗಳಲ್ಲೆಲ್ಲ ಕೆಲಸ ಮಾಡಿದವರ ಹೆಸರು ಇರುತ್ತಿದ್ದದ್ದು ಅದೊಂದರಲ್ಲೇ.

ಹೊರಗಿನವರಿಗೆ ತಿಳಿಯದ ಒಂದು ಸಂಗತಿಯೆಂದರೆ, ಉಕ್ಕಿನ ಕಾರ್ಖಾನೆಯ ಅತಿ ದೊಡ್ಡ ಬಿಲ್ಲುಗಳಿಗೆ ಬಂದ ದಿನ ನಿಶ್ಚಿತ ಮೊತ್ತವೇ ಇರುವುದಿಲ್ಲ. ಬೇರಿಂಗ್ ಒಂದಕ್ಕೆ ಇಷ್ಟು ಎಂದರೆ ಇಷ್ಟೇ. ಅದಿರು, ಕಲ್ಲಿದ್ದಲು, ಸುಣ್ಣಕಲ್ಲುಗಳ ಬೆಲೆ ಹಾಗಲ್ಲ, ಅದು ಪ್ರಯೋಗಾಲಯದಲ್ಲಿ ತೀರ್ಮಾನವಾಗುತ್ತದೆ. ಸಾವಿರ ಟನ್ ಅದಿರಿನಲ್ಲಿ ತೇವಾಂಶ ಶೇ. 8 ಇದ್ದರೆ ಒಣ ತೂಕ 920 ಟನ್, ಶೇ. 9 ಎಂದು ವರದಿ ಬಂದರೆ 910 ಟನ್. ಮಳೆಗಾಲದಲ್ಲಿ ಒಂದು ರೇಕ್, ಅಂದರೆ ಒಂದು ಗೂಡ್ಸ್ ರೈಲಿನಷ್ಟು, ಅದಿರು ಎರಡು ದಿನ ಸೈಡಿಂಗಿನಲ್ಲಿ ನೆನೆದರೆ ಆ ಒಂದು ಪರ್ಸೆಂಟಿಗಾಗಿ ವಾರಗಟ್ಟಲೆ ಪತ್ರ ವ್ಯವಹಾರ ನಡೆಯುತ್ತಿತ್ತು. ಕಬ್ಬಿಣಾಂಶ ಒಪ್ಪಂದದ ಮಟ್ಟಕ್ಕಿಂತ ಕಡಿಮೆಯಾದರೆ ಕಡಿತ, ಹೆಚ್ಚಾದರೆ ಬೋನಸ್, ಕಲ್ಲಿದ್ದಲಿನಲ್ಲಿ ಬೂದಿ ಹೆಚ್ಚಾದರೆ ಮತ್ತೆ ಕಡಿತ. ಮಾದರಿಯನ್ನು ಮೂರು ಪಾಲು ಮಾಡಿ ಒಂದನ್ನು ಕೊಂಡವರು, ಒಂದನ್ನು ಮಾರಿದವರು ಪರೀಕ್ಷಿಸಿ, ಮೂರನೆಯದನ್ನು ಜಗಳ ಬಂದರೆ ಮಧ್ಯಸ್ಥ ಪ್ರಯೋಗಾಲಯಕ್ಕೆಂದು ಮೊಹರು ಹಾಕಿ ಇಡುವ ಪದ್ಧತಿಯಿತ್ತು. ಆದ್ದರಿಂದ ನಾವು ಮೊದಲು ಒಂದು ಪಾಲನ್ನು ತಾತ್ಕಾಲಿಕವಾಗಿ ಕೊಟ್ಟು, ವರದಿಗಳು ಕೂಡಿದ ಮೇಲೆ ಉಳಿದದ್ದನ್ನು ತೀರಿಸುತ್ತಿದ್ದೆವು. ಬಾಕಿ ಎನ್ನುವುದು ಲೆಡ್ಜರಿನಲ್ಲಿ ಗಟ್ಟಿಯಾದ ಅಂಕಿಯಾಗುವ ಮೊದಲು ಬಹಳ ಹೊತ್ತು ಒಂದು ಅಂದಾಜಾಗಿರುತ್ತದೆ ಎಂಬುದನ್ನು ನಾನು ಕಲಿತದ್ದು ಅದಿರಿನಿಂದ.

2010ರಲ್ಲಿ ಈ ಅಂದಾಜು ಇನ್ನಷ್ಟು ಸಡಿಲವಾಯಿತು. ಅಲ್ಲಿಯವರೆಗೆ ಕೋಕಿಂಗ್ ಕಲ್ಲಿದ್ದಲಿಗೆ ವರ್ಷಕ್ಕೊಮ್ಮೆ, ಏಪ್ರಿಲ್‌ನಲ್ಲಿ ಜಪಾನಿನ ಉಕ್ಕು ಉದ್ಯಮ ಮತ್ತು ಆಸ್ಟ್ರೇಲಿಯಾದ ಗಣಿಗಳು ಒಪ್ಪಿದ ದರವೇ ಉಳಿದವರಿಗೂ ಅಳತೆಗೋಲಾಗುತ್ತಿತ್ತು. ಆ ವರ್ಷದಿಂದ ದರ ಮೂರು ತಿಂಗಳಿಗೊಮ್ಮೆ ಬದಲಾಗತೊಡಗಿತು. ಅದೇ ವರ್ಷದ ಕೊನೆಗೆ ಕ್ವೀನ್ಸ್‌ಲ್ಯಾಂಡಿನಲ್ಲಿ ಪ್ರವಾಹ ಬಂದು ಗಣಿಗಳಲ್ಲಿ ನೀರು ನಿಂತಿತು. 2011ರ ಮೊದಲ ತ್ರೈಮಾಸಿಕದಲ್ಲಿ ಟನ್ನಿಗೆ 225 ಡಾಲರ್ ಇದ್ದ ಒಪ್ಪಂದದ ದರ ಎರಡನೆಯದರಲ್ಲಿ 330 ಡಾಲರ್ ಆಯಿತು. ಮುಂದೆ ದರಗಳು ಸೂಚ್ಯಂಕಗಳಿಗೆ ಹೊಂದಿಕೊಂಡ ಮೇಲೆ, ಹಡಗು ಬಂದರು ಬಿಟ್ಟ ದಿನಾಂಕ ಒಂದು ವಾರ ಆಚೀಚೆಯಾದರೂ ಬಿಲ್ಲಿನ ಮೊತ್ತ ಬದಲಾಗುವಂತಾಯಿತು. ಡಾಲರಿನ ವಿನಿಮಯ ದರದ ಏರಿಳಿತ ಬೇರೆ. ಈ ಹಡಗುಗಳ ಹಣವನ್ನು ನಮ್ಮ ಪರವಾಗಿ ಬ್ಯಾಂಕು ಲೆಟರ್ ಆಫ್ ಕ್ರೆಡಿಟ್ ಮೇಲೆ ಒಪ್ಪಿಕೊಂಡು, ಅವಧಿ ಮುಗಿದ ಮೇಲೆ ನಮ್ಮಿಂದ ಪಡೆಯುತ್ತಿತ್ತು. ಹೀಗೆ ಒಂದೇ ಶೀರ್ಷಿಕೆಯ ಕೆಳಗೆ ಎರಡು ಬಗೆಯ ಬಾಕಿ ಇರುತ್ತಿತ್ತು. ಬ್ಯಾಂಕಿನ ಹೊಣೆಯಿದ್ದ ದೊಡ್ಡ ಬಾಕಿ ಹೇಳಿದ ದಿನಕ್ಕೆ ತಪ್ಪದೆ ತೀರುತ್ತಿತ್ತು. ಯಾರ ಹೊಣೆಯೂ ಇಲ್ಲದ ಸಣ್ಣ ಬಾಕಿ ನಮ್ಮ ಮೇಜಿನ ಮೇಲೆ ಕಾಯುತ್ತಿತ್ತು. ಇದನ್ನು ನಾನು ಅನ್ಯಾಯವೆಂದೇ ಆಗಲೂ ಭಾವಿಸಿದ್ದೆ, ಈಗಲೂ ಭಾವಿಸುತ್ತೇನೆ.

ಕರ್ನಾಟಕದಲ್ಲಿ ಅದಿರಿನ ಬಾಕಿಯೇ ಕೆಲ ವರ್ಷ ತಲೆಕೆಳಗಾದದ್ದನ್ನೂ ಇಲ್ಲಿ ನೆನೆಯಬೇಕು. 2011ರ ಜುಲೈನಲ್ಲಿ ಬಳ್ಳಾರಿ ಜಿಲ್ಲೆಯ, ಆಗಸ್ಟ್‌ನಲ್ಲಿ ಚಿತ್ರದುರ್ಗ ಮತ್ತು ತುಮಕೂರು ಜಿಲ್ಲೆಗಳ ಗಣಿಗಾರಿಕೆಯನ್ನು ಸುಪ್ರೀಂ ಕೋರ್ಟ್ ನಿಲ್ಲಿಸಿತು. ಆಮೇಲೆ ಅದಿರು ಸಿಗುತ್ತಿದ್ದದ್ದು ಕೋರ್ಟ್ ನೇಮಿಸಿದ ಉಸ್ತುವಾರಿ ಸಮಿತಿಯ ಇ-ಹರಾಜಿನ ಮೂಲಕ, ಅದೂ ಹಣವನ್ನು ಮುಂಚಿತವಾಗಿ ಕಟ್ಟಿದ ಮೇಲೆ. ಅದಿರಿನವರಿಗೆ ನಾವು ಕೊಡಬೇಕಾದದ್ದನ್ನು ತೋರಿಸುತ್ತಿದ್ದ ಖಾತೆಯಲ್ಲಿ ಈಗ ನಮಗೆ ಬರಬೇಕಾದ ಅದಿರು ಮುಂಗಡವಾಗಿ ಕಾಣಿಸತೊಡಗಿತು. ಮುಂಗಡಕ್ಕೆ ಹಣ ಹೊಂದಿಸುವ ಒತ್ತಡದಲ್ಲಿ ಕಾರ್ಖಾನೆಗಳು ಯಾರನ್ನು ಕಾಯಿಸುತ್ತವೆ ಎಂಬುದನ್ನು ಬಿಡಿಸಿ ಹೇಳಬೇಕಿಲ್ಲ. 2022ರ ಮೇ ತಿಂಗಳಲ್ಲಿ ನ್ಯಾಯಾಲಯ ಇ-ಹರಾಜಿನ ಹೊರಗೂ ಮಾರಾಟಕ್ಕೆ ಅವಕಾಶ ಕೊಟ್ಟಿತು.

ಕಂಪ್ಯೂಟರು ನಮ್ಮಲ್ಲಿ ಹಂತ ಹಂತವಾಗಿ ಬಂದಿತು. ಮೊದಲು ಚೆಕ್ ಅಚ್ಚು ಹಾಕಲು, ಆಮೇಲೆ ಲೆಡ್ಜರ್ ಬರೆಯಲು, ಕೊನೆಗೆ ಸ್ಯಾಪ್ ಎಂಬ ತಂತ್ರಾಂಶ ಬಂದಾಗ ತಾಳೆ ನೋಡುವ ಕೆಲಸವೂ ಅದರದ್ದೇ ಆಯಿತು. ಆರ್ಡರಿನ ದರಕ್ಕಿಂತ ಬಿಲ್ಲಿನ ದರ ಮಿತಿ ಮೀರಿ ಹೆಚ್ಚಿದ್ದರೆ ಬಿಲ್ಲು ತಾನಾಗಿಯೇ ‘ಬ್ಲಾಕ್’ ಆಗುತ್ತಿತ್ತು. ‘412’ ಸಂಖ್ಯೆಯ ಬಿಲ್ಲನ್ನು ಯಾರೋ ‘0412’ ಎಂದು ಮತ್ತೊಮ್ಮೆ ದಾಖಲಿಸಿ ಎರಡು ಸಲ ಹಣ ಹೋಗುವಂತಹ ಹೊಸ ತಪ್ಪುಗಳು ಹುಟ್ಟಿದರೂ, ಗುಣಾಕಾರದ ತಪ್ಪು, ಕಡತ ಕಳೆದುಹೋಗುವುದು, ಪರಿಚಯದವರ ಕಾಗದ ಮೇಲಕ್ಕೆ ಬರುವುದು, ಇವು ಬಹುಮಟ್ಟಿಗೆ ನಿಂತವು. ಹಣ ಸೇರುವ ದಾರಿಯೂ ಚಿಕ್ಕದಾಯಿತು. ಚೆಕ್ಕು ಅಂಚೆಯಲ್ಲಿ ಹೋಗಿ, ಹೊರ ಊರಿನ ಬ್ಯಾಂಕಿನಲ್ಲಿ ಕ್ಲಿಯರ್ ಆಗಲು ವಾರಗಳು ಹಿಡಿಯುತ್ತಿದ್ದ ಕಾಲದಿಂದ, 2004ರಲ್ಲಿ ಆರ್‌ಟಿಜಿಎಸ್, 2005ರಲ್ಲಿ ನೆಫ್ಟ್ ಬಂದು, 2019ರ ಡಿಸೆಂಬರಿನಿಂದ ನೆಫ್ಟ್ ದಿನದ ಇಪ್ಪತ್ನಾಲ್ಕು ಗಂಟೆಯೂ ನಡೆಯುವ ಕಾಲಕ್ಕೆ ಬಂದೆವು. ಇದೆಲ್ಲದರ ಬಗ್ಗೆ ನನಗೆ ಹೆಮ್ಮೆಯಿದೆ. ಹಣವನ್ನು ಬ್ಯಾಂಕಿಗೆ ಕಳಿಸಿದ ಸಂಜೆಯೇ ದೂರದ ಊರಿನ ವರ್ಕ್‌ಶಾಪಿನವರು ಫೋನ್ ಮಾಡಿ ‘ಬಂತು’ ಎಂದಾಗ ಆಗುತ್ತಿದ್ದ ಸಂತೋಷ ಸಣ್ಣದಲ್ಲ.

ಆದರೂ ಕಾಯುವಿಕೆ ಮುಗಿದಿರಲಿಲ್ಲ. ಅದನ್ನು ನನಗೆ ತೋರಿಸಿಕೊಟ್ಟವರು ಬೆಳಗಾವಿಯ ಉದ್ಯಮಬಾಗ್‌ನ ಒಬ್ಬ ಹಿರಿಯರು. ಅವರು ರೋಲಿಂಗ್ ಮಿಲ್ಲಿಗೆ ಬೇಕಾದ ಗೈಡುಗಳು, ಕಪ್ಲಿಂಗುಗಳು ಮುಂತಾದ ಬಿಡಿಭಾಗಗಳನ್ನು ಮಾಡಿಕೊಡುತ್ತಿದ್ದರು. ಹತ್ತು ಹನ್ನೆರಡು ಜನ ಕೆಲಸಗಾರರ ಸಣ್ಣ ಕಾರ್ಖಾನೆ. ಒಂದು ದಿನ ಬೆಳಿಗ್ಗೆ ಬಸ್ಸಿನಲ್ಲಿ ಬಂದು ನನ್ನೆದುರು ಕೂತರು. ನಾನು ಅವರ ಆರ್ಡರ್ ನಂಬರ್ ಹಾಕಿ ನೋಡಿ, ‘ನಿಮ್ಮ ಬಿಲ್ಲೇನೋ ಬಂದಿದೆ, ಆದರೆ ಜಿಆರ್‌ಎನ್ ಆಗಿಲ್ಲ, ಅದಾಗದೆ ಸಿಸ್ಟಮ್ ಬಿಡುವುದಿಲ್ಲ’ ಎಂದೆ. ಅವರು ಸಿಟ್ಟಾಗಲಿಲ್ಲ. ‘ಸರ್ರ, ನಮ್ಮ ಮಾಲು ನಿಮ್ಮ ಗೇಟ್ ಒಳಗ ಹೋಗಿ ತಿಂಗಳಾತು. ಇದರಾಗ ಇಲ್ಲ ಅಂತೀರಿ. ಹಂಗಾರ ಅದು ಎಲ್ಲಿಗೆ ಹೋತ್ರಿ?’ ಎಂದು ಕೇಳಿದರು.

ಅವರನ್ನು ಕೂರಿಸಿ ನಾನು ಸ್ಟೋರ್ಸಿನ ಅಂಗಳಕ್ಕೆ ನಡೆದುಕೊಂಡು ಹೋದೆ. ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಆ ಅಂಗಳದಿಂದ ಬಂದ ಚೀಟಿಗಳ ಮೇಲೆ ಬದುಕಿದ್ದ ನಾನು, ಚೀಟಿ ಹುಟ್ಟುವ ಜಾಗವನ್ನು ಸರಿಯಾಗಿ ನೋಡಿದ್ದು ಅಂದೇ ಎಂದು ಹೇಳಲು ಸಂಕಟವಾಗುತ್ತದೆ. ಅವರ ಮರದ ಪೆಟ್ಟಿಗೆಗಳು ತಗಡಿನ ಸೂರಿನ ಕೆಳಗೆ ಇದ್ದವು. ಗೇಟಿನವರು ಪೆಟ್ಟಿಗೆಯ ಮೇಲೆ ಸೀಮೆಸುಣ್ಣದಲ್ಲಿ ಒಳಬಂದ ದಿನಾಂಕ ಬರೆದಿದ್ದರು. ಗಡಸುತನ ಮತ್ತು ಅಳತೆಯ ತಪಾಸಣೆ ಮುಗಿಯದೆ ಸ್ವೀಕೃತಿ ದಾಖಲಿಸುವಂತಿರಲಿಲ್ಲ, ತಪಾಸಣೆಯವರು ಕುಲುಮೆಯ ತುರ್ತಿಗೆ ಬಂದ ಸರಕನ್ನು ಮೊದಲು ನೋಡುತ್ತಿದ್ದರು, ಸಣ್ಣ ಪೆಟ್ಟಿಗೆಗಳ ಸರದಿ ಬಂದಿರಲಿಲ್ಲ. ಯಾರದೂ ದುರುದ್ದೇಶವಿರಲಿಲ್ಲ. ಆದರೆ ನಮ್ಮ ಸೆಕ್ಷನ್ನಿನ ಮಾಸಿಕ ವರದಿಯಲ್ಲಿ ‘ಬಿಲ್ಲುಗಳು ಸ್ವೀಕೃತಿಯಾದ ಇಷ್ಟು ದಿನದೊಳಗೆ ಪಾಸಾಗಿವೆ’ ಎಂಬ ಅಂಕಿ ತಿಂಗಳಿಂದ ತಿಂಗಳಿಗೆ ಸುಧಾರಿಸುತ್ತಲೇ ಇತ್ತು. ಆ ಪೆಟ್ಟಿಗೆ ಆ ಅಂಕಿಯಲ್ಲಿ ಎಲ್ಲಿಯೂ ಇರಲಿಲ್ಲ, ಏಕೆಂದರೆ ಅದರ ದಿನಗಳ ಎಣಿಕೆ ಇನ್ನೂ ಶುರುವೇ ಆಗಿರಲಿಲ್ಲ. ನಮ್ಮ ಮೇಜಿನ ಮೇಲಿನ ಕಾಯುವಿಕೆಯನ್ನು ಯಂತ್ರ ಅಳಿಸಿತ್ತು ನಿಜ, ಅದು ಗೇಟಿನ ಒಳಗೆ, ತಪಾಸಣೆಯ ಹೊರಗೆ ಹೋಗಿ ಕೂತಿತ್ತು. ಹಿಂದೆ ಕಡತ ಹುಡುಕಿಕೊಂಡು ಬಂದವನಿಗೆ ಒಬ್ಬ ಗುಮಾಸ್ತನ ಮುಖವಾದರೂ ಸಿಗುತ್ತಿತ್ತು, ಇಲ್ಲಿ ಕೇಳುವುದಕ್ಕೆ ಯಾರೂ ಇರಲಿಲ್ಲ. ಬಿಲ್ಲುಗಳನ್ನು ಸ್ಕ್ಯಾನ್ ಮಾಡಿ ಬೇರೆ ನಗರದ ಕೇಂದ್ರ ಕಚೇರಿಯಲ್ಲಿ ದಾಖಲಿಸುವ ಏರ್ಪಾಡು ಬಂದ ಮೇಲಂತೂ ಪೂರೈಕೆದಾರರಿಗೆ ಉಳಿದದ್ದು ಒಂದು ಪೋರ್ಟಲ್ ಮತ್ತು ಅದರಲ್ಲಿ ‘ಪ್ರಕ್ರಿಯೆಯಲ್ಲಿದೆ’ ಎನ್ನುವ ಒಂದು ಪದ.

2017ರ ಜುಲೈಯಲ್ಲಿ ಜಿಎಸ್‌ಟಿ ಬಂದಾಗ ನಾನು ಆರಂಭದಲ್ಲಿ ಹೇಳಿದ ಸಾಗಣೆದಾರನ ಪ್ರತಿಯ ಕಥೆ ಹೊಸ ರೂಪದಲ್ಲಿ ಮರಳಿತು. 2022ರ ಜನವರಿಯಿಂದ, ಪೂರೈಕೆದಾರರು ತಮ್ಮ ರಿಟರ್ನಿನಲ್ಲಿ ತೋರಿಸಿ, ನಮ್ಮ ಜಿಎಸ್‌ಟಿಆರ್-2ಬಿ ಪಟ್ಟಿಯಲ್ಲಿ ಕಾಣಿಸಿಕೊಂಡ ಬಿಲ್ಲಿಗೆ ಮಾತ್ರ ತೆರಿಗೆಯ ಕ್ರೆಡಿಟ್, ಅಂದರೆ ವಜಾ, ಎಂದು ಕಾನೂನೇ ಹೇಳಿತು. ಕಾಣಿಸದಿದ್ದರೆ ತೆರಿಗೆಯ ಪಾಲನ್ನು ತಡೆಹಿಡಿಯುವುದು ರೂಢಿಯಾಯಿತು. ಐದು ಕೋಟಿ ರೂಪಾಯಿವರೆಗಿನ ವಹಿವಾಟಿನ ಸಣ್ಣವರಿಗೆ ಮೂರು ತಿಂಗಳಿಗೊಮ್ಮೆ ರಿಟರ್ನ್ ಸಲ್ಲಿಸುವ ಅನುಕೂಲ 2021ರಿಂದ ಇದೆ. ಅವರು ನಡುವಿನ ತಿಂಗಳುಗಳಲ್ಲಿ ಬಿಲ್ಲಿನ ವಿವರವನ್ನು ಬೇರೆಯಾಗಿ ಏರಿಸದಿದ್ದರೆ ಅದು ನಮ್ಮ ಪಟ್ಟಿಗೆ ಬರುವುದು ತ್ರೈಮಾಸಿಕ ಮುಗಿದ ಮೇಲೆ. ಸಣ್ಣವರ ಹೊರೆ ಇಳಿಸಲೆಂದು ಕೊಟ್ಟ ಅನುಕೂಲವೇ ಅವರ ಹಣವನ್ನು ಹಿಂದಕ್ಕೆ ತಳ್ಳಿತು. ಇದನ್ನು ಎಷ್ಟೋ ಮಂದಿಗೆ ಫೋನಿನಲ್ಲಿ ನಾನೇ ವಿವರಿಸಿದ್ದೇನೆ, ಪ್ರತಿ ತಿಂಗಳೂ ವಿವರ ಏರಿಸಿ ಎಂದು ಕೇಳಿಕೊಂಡಿದ್ದೇನೆ. ಇ-ಇನ್‌ವಾಯ್ಸ್ ಬಂದದ್ದು ಮಾತ್ರ ನಿಜವಾದ ಉಪಕಾರ. 2020ರ ಅಕ್ಟೋಬರಿನಲ್ಲಿ 500 ಕೋಟಿಗಿಂತ ಹೆಚ್ಚು ವಹಿವಾಟಿನವರಿಂದ ಶುರುವಾಗಿ 2023ರ ಆಗಸ್ಟ್ ಹೊತ್ತಿಗೆ 5 ಕೋಟಿ ಮೀರಿದವರವರೆಗೆ ಇಳಿದ ಆ ಪದ್ಧತಿಯಲ್ಲಿ, ಸರ್ಕಾರದ ಪೋರ್ಟಲ್ ಕೊಟ್ಟ ಸಂಖ್ಯೆಯಿಲ್ಲದೆ ಬಿಲ್ಲೇ ಇಲ್ಲ. ಕಾಗದ ಕಳೆಯಿತು, ನಂಬರ್ ತಪ್ಪಿತು ಎನ್ನುವ ಮಾತಿಗೆ ಅಲ್ಲಿ ಜಾಗವಿಲ್ಲ.

ತಡವಾದ ಹಣಕ್ಕೆ ಬಡ್ಡಿ ಕೊಡಬೇಕೆಂಬ ಕಾನೂನು 1993ರಿಂದಲೂ ಇತ್ತು. 2006ರ ಎಂಎಸ್‌ಎಂಇ, ಅಂದರೆ ಸೂಕ್ಷ್ಮ, ಸಣ್ಣ ಮತ್ತು ಮಧ್ಯಮ ಉದ್ದಿಮೆಗಳ, ಕಾಯ್ದೆ ಅದನ್ನು ಬಿಗಿಗೊಳಿಸಿ, ಲಿಖಿತ ಒಪ್ಪಂದವಿದ್ದರೂ 45 ದಿನ ಮೀರುವಂತಿಲ್ಲ, ಮೀರಿದರೆ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿ, ಅದೂ ತಿಂಗಳಿಗೊಮ್ಮೆ ಚಕ್ರಬಡ್ಡಿ ಎಂದಿತು. ನನ್ನ ಮೇಜಿಗೆ ಆ ಬಡ್ಡಿಯನ್ನು ಕೇಳಿ ಬಂದ ಪತ್ರ ಒಂದೂ ಇಲ್ಲ. ಕೇಳಿದರೆ ಮುಂದಿನ ಆರ್ಡರ್ ಸಿಗುವುದೇ ಎಂಬ ಭಯವನ್ನು ಯಾವ ಕಲಮೂ ಕಳೆಯಲಾರದು. ಪೂರೈಕೆದಾರರು ಕೇಳದೆಯೂ ಕೆಲಸ ಮಾಡುವ ಕಲಮು ಬಂದದ್ದು 2023ರ ಹಣಕಾಸು ಕಾಯ್ದೆಯಲ್ಲಿ, ಆದಾಯ ತೆರಿಗೆಯ 43ಬಿ(ಎಚ್) ಎಂಬ ಹೆಸರಿನಲ್ಲಿ. ಸೂಕ್ಷ್ಮ ಮತ್ತು ಸಣ್ಣ ಉದ್ದಿಮೆಗಳಿಗೆ ಆ ಅವಧಿಯೊಳಗೆ ಕೊಡದ ಹಣವನ್ನು, ನಿಜವಾಗಿ ಕೊಡುವ ವರ್ಷದವರೆಗೆ ಖರ್ಚೆಂದು ತೋರಿಸುವಂತಿಲ್ಲ. 2024ರ ಮಾರ್ಚ್ ನನ್ನ ಸೇವೆಯ ಕೊನೆಯ ವರ್ಷಾಂತ್ಯ. ಬಿಲ್ಲಿಗಾಗಿ ಪೂರೈಕೆದಾರರು ನಮ್ಮನ್ನು ಹುಡುಕುವುದನ್ನೇ ನೋಡಿದ್ದ ನಾನು, ಆ ತಿಂಗಳು ನಮ್ಮ ಹುಡುಗರು ಪೂರೈಕೆದಾರರಿಗೆ ಫೋನ್ ಮಾಡಿ ‘ನಿಮ್ಮ ಉದ್ಯಮ್ ನೋಂದಣಿ ಪತ್ರ ಕಳಿಸಿ, ಬಾಕಿ ಬಿಲ್ ಯಾವುದಿದ್ದರೂ ಕಳಿಸಿ’ ಎಂದು ಕೇಳುವುದನ್ನು ಕಂಡೆ.

ಆದರೆ ಈ ಕಾನೂನಿನಲ್ಲಿಯೂ ಎಣಿಕೆ ಶುರುವಾಗುವುದು ಸರಕನ್ನು ‘ಅಂಗೀಕರಿಸಿದ ದಿನ’ದಿಂದ. ಕಾಯ್ದೆಯ ಮಾತು ಸ್ಪಷ್ಟವಾಗಿದೆ. ಸರಕು ತಲುಪಿದ ದಿನವೇ ಅಂಗೀಕಾರದ ದಿನ. ಹದಿನೈದು ದಿನದೊಳಗೆ ಲಿಖಿತ ಆಕ್ಷೇಪಣೆ ಸಲ್ಲಿಸಿದ್ದರೆ ಮಾತ್ರ ಆ ಆಕ್ಷೇಪಣೆ ಪೂರೈಕೆದಾರರಿಂದ ಪರಿಹಾರವಾದ ದಿನ. ಅಂದರೆ ಸುಮ್ಮನೆ ಸೂರಿನ ಕೆಳಗೆ ಇಟ್ಟ ಪೆಟ್ಟಿಗೆ ಕಾನೂನಿನ ಕಣ್ಣಿನಲ್ಲಿ ಅಂಗೀಕಾರವಾದ ಪೆಟ್ಟಿಗೆ. ನಮ್ಮ ಯಂತ್ರದ ಕಣ್ಣಿನಲ್ಲಿ ಅದು ಇನ್ನೂ ಬಂದೇ ಇಲ್ಲ. ಟ್ರೆಡ್ಸ್ ಎಂಬ ಆನ್‌ಲೈನ್ ವೇದಿಕೆಗಳ ವಿಷಯವೂ ಹಾಗೆಯೇ. ಅಲ್ಲಿ ಸಣ್ಣ ಪೂರೈಕೆದಾರರು ತಮ್ಮ ಬಿಲ್ಲನ್ನು ಬ್ಯಾಂಕುಗಳ ಬಿಡ್ಡಿಗೆ ಇಟ್ಟು ಮುಂಚಿತವಾಗಿ ಹಣ ಪಡೆಯಬಹುದು, ಕಾರ್ಖಾನೆ ಗಡುವಿನ ದಿನ ಬ್ಯಾಂಕಿಗೆ ಕೊಡುತ್ತದೆ. ಬಹಳ ಒಳ್ಳೆಯ ಏರ್ಪಾಡು. ಆದರೆ ಕಾರ್ಖಾನೆ ಆ ಬಿಲ್ಲನ್ನು ಒಪ್ಪಿದ ಮೇಲಷ್ಟೇ ಬ್ಯಾಂಕು ಅದನ್ನು ಮುಟ್ಟುತ್ತದೆ, ಮತ್ತು ಒಪ್ಪುವುದಕ್ಕೆ ಜಿಆರ್‌ಎನ್ ಬೇಕು.

ನಾನು ನಿವೃತ್ತನಾಗುವ ಹಿಂದಿನ ವರ್ಷ ನಮ್ಮ ಮಾಸಿಕ ವರದಿಯ ನಮೂನೆಯನ್ನು ಬದಲಿಸಲು ಮೇಲಿನವರನ್ನು ಕೇಳಿಕೊಂಡೆ, ಅವರು ಒಪ್ಪಿದರು. ಒಂದು ಬಿಲ್ಲಿಗೆ ನಾಲ್ಕು ದಿನಾಂಕ: ಗೇಟಿನಲ್ಲಿ ವೇಬ್ರಿಡ್ಜ್ ಹತ್ತಿದ್ದು, ತಪಾಸಣೆ ಮುಗಿದದ್ದು, ಬಿಲ್ಲು ಪಾಸಾದದ್ದು, ಹಣ ಹೋದದ್ದು. ಮೊದಲ ತಿಂಗಳ ವರದಿಯಲ್ಲಿ ಸಣ್ಣವರ ಬಿಲ್ಲುಗಳ ಸಾಲುಗಳನ್ನು ಮೇಲಿಂದ ಕೆಳಗೆ ಓದಿದವರಿಗೆಲ್ಲ, ಮೊದಲ ಎರಡು ದಿನಾಂಕಗಳ ನಡುವೆಯೇ ಹೆಚ್ಚು ದಿನ ಕಳೆದಿರುವುದು ಕಣ್ಣಿಗೆ ಹೊಡೆಯುವಂತಿತ್ತು. ತಪಾಸಣೆಯ ಮುಖ್ಯಸ್ಥರು ವರದಿಯನ್ನು ಹಿಡಿದುಕೊಂಡು ನನ್ನ ಬಳಿ ಬಂದು, ತಮ್ಮ ವಿಭಾಗದಲ್ಲಿ ಬಿಡಿಭಾಗಗಳ ಅಳತೆ ನೋಡುವವರು ಇಬ್ಬರೇ ಇದ್ದಾರೆ ಎಂದು ತೋರಿಸಿಕೊಟ್ಟರು. ಆ ಕಾಗದವನ್ನೇ ಇಟ್ಟುಕೊಂಡು ಅವರು ಮೂರನೆಯವರಿಗಾಗಿ ಬೇಡಿಕೆ ಬರೆದರು, ಅದರ ಒಂದು ಪ್ರತಿ ನನಗೂ ಬಂದಿತು.

ಬೆಳಗಾವಿಯ ಹಿರಿಯರು ಈಗಲೂ ಆಗಾಗ ಫೋನ್ ಮಾಡುತ್ತಾರೆ. ನಾನು ಕೆಲಸದಲ್ಲಿಲ್ಲ ಎಂಬುದು ಅವರಿಗೆ ಗೊತ್ತು, ಆದರೂ ಕಾರ್ಖಾನೆಯ ಸುದ್ದಿಯಿಲ್ಲದೆ ನಮ್ಮಿಬ್ಬರ ಮಾತು ಮುಗಿಯುವುದಿಲ್ಲ. ಮೊದಲೆಲ್ಲ ಅವರು ಕೇಳುತ್ತಿದ್ದದ್ದು ‘ಬಿಲ್ ಪಾಸಾತೇನ್ರಿ?’ ಎಂದು. ಕಳೆದ ಸಲ ಮಾತಾಡುವಾಗ, ಹೊಸ ಹುಡುಗರಿಗೆ ತಾವು ಈಗ ಬೇರೆಯದನ್ನೇ ಕೇಳುವುದಾಗಿ ಹೇಳಿದರು: ‘ಪೆಟ್ಟಿಗಿ ಬಿಚ್ಚೀರೇನ್ರಿ?’